ಬಾಗಿಲಿಗೆ ಕೆಂಪು ಬಟ್ಟೆ

ಅಕ್ಟೋಬರ್ 8

ಇವತ್ತೂ ಅಧ್ಯಾಯ ಮುಗಿಯಲಿಲ್ಲ. ಕಂಬಳಿಗಳ ಗೂಡಿನೊಳಗೆ ಕೂತು ಮೈಕ್ ಹಚ್ಚಿದ್ದೇ ತಡ, ಚಾವಣಿಯ ಆ ತುದಿಗೆ ಕಟ್ಟಿರುವ ಟಗರು ರಾಗ ತೆಗೆಯಿತು. ಅದು ಸುಮ್ಮನಾಯಿತು ಅನ್ನುವಾಗ ಕೆಳಗೆ ಬೀದಿಯಲ್ಲಿ ವೆಲ್ಡಿಂಗ್ ಅಂಗಡಿಯ ಲಾಯ್ ಕಬ್ಬಿಣ ಕೊಯ್ಯಲು ಹಿಡಿದ. ಅವನು ಚಹಾಕ್ಕೆಂದು ನಿಲ್ಲಿಸಿದಾಗ ಮನೆಯೊಡತಿ ಮುದುಕಿಯ ಸರದಿ.

"ಏ ದಿಯೊಪ್, ಇನ್ನೂ ಎದ್ದಿಲ್ವಾ? ನಿನ್ನೆ ನುಂಗಿದ ಅನ್ನ ಇನ್ನೂ ಕರಗಿಲ್ವೇನೇ?"

ಅಂಗಳದಲ್ಲಿ ನಿಂತು ಕೂಗಿದರೆ ಮೇಲಿನ ಮಹಡಿಯ ನನ್ನ ಮೈಕಿನೊಳಗೆ ಸ್ಪಷ್ಟವಾಗಿ ಬಂದು ಬೀಳುವ ಗಂಟಲು ಅದು. ಯೋಫ್ ಕಡಲ ದಂಡೆಯಲ್ಲಿ ಮೀನು ಮಾರಿ ಮಾರಿ ಪಳಗಿದ್ದು. ನಾನು ಓದುತ್ತಿದ್ದದ್ದು ಹಿಮ ಬೀಳುವ ಊರಿನ ಕೊಲೆಯ ಕಥೆ. ಇನ್ಸ್‌ಪೆಕ್ಟರ್ ಹೆಣದ ಮುಂದೆ ಮಂಡಿಯೂರಿ ಕೂತಿದ್ದಾನೆ, ಹಿಂದಿನಿಂದ ಅನ್ನ ಕರಗಿಲ್ವಾ ಅನ್ನುವ ವಿಚಾರಣೆ.

ಮಾಂಟ್ರಿಯಲ್‌ನವರು ಕಳಿಸುವ ಕಾದಂಬರಿಗಳನ್ನು ಗಟ್ಟಿಯಾಗಿ ಓದಿ ದನಿ ಕಳಿಸುವುದು ನನ್ನ ಹೊಟ್ಟೆಪಾಡು. ಎಲ್ಲಿಂದ ಓದಿದರೂ ಅವರಿಗೆ ಒಂದೇ, ಸದ್ದು ಮಾತ್ರ ಇರಬಾರದು. ಅರ್ಧ ದಿನ ಓದು, ಅರ್ಧ ದಿನ ತೊಳೆ. ಟಗರನ್ನು ತೆಗೆ, ಲಾಯ್‌ನನ್ನು ತೆಗೆ, ಮುದುಕಿಯನ್ನು ತೆಗೆ. ತೊಳೆದದ್ದನ್ನು ಕಳಿಸಿ, ತೊಳೆಯದ್ದನ್ನು ಅವತ್ತೇ ಅಳಿಸಿಬಿಡುತ್ತೇನೆ. ಲ್ಯಾಪ್‌ಟಾಪಿನಲ್ಲಿ ಜಾಗವೂ ಇಲ್ಲ, ಕೊಳೆ ಕೂಡಿಡುವ ಅಭ್ಯಾಸವೂ ನನಗಿಲ್ಲ.

ಜೂನ್‌ನಲ್ಲಿ ಪೆಟ್ಟಿಗೆ ಹೊತ್ತು ಈ ಮನೆಗೆ ಬಂದ ದಿನ ಮುದುಕಿ ಹೆಸರು ಕೇಳಿದ್ದಳು. ಪೆಲಾಜಿ ಅಂದೆ. "ಆ ಹೆಸರು ನಿಮ್ಮ ಬೆನಿನ್‌ನಲ್ಲೇ ಇರ್ಲಿ, ನನ್ನ ನಾಲಿಗೆ ತಿರುಗಲ್ಲ. ಇವತ್ತಿಂದ ನೀನು ದಿಯೊಪ್," ಅಂದಳು. ಅವಳು ಎನ್‌ದಿಯಾಯ್ ಮನೆತನದವಳು. ಎನ್‌ದಿಯಾಯ್‌ಗಳು ದಿಯೊಪ್‌ಗಳನ್ನು ಕಂಡಲ್ಲಿ ಹೀಯಾಳಿಸಬೇಕು, ದಿಯೊಪ್‌ಗಳು ತಿರುಗಿಸಿ ಕೊಡಬೇಕು, ಯಾರೂ ಸಿಟ್ಟಾಗಬಾರದು, ಇಲ್ಲಿನ ವಾಡಿಕೆ. ಅಳಿಯ ಹುಟ್ಟಾ ದಿಯೊಪ್, ಆದರೆ ಮೀನಿನ ಹಡಗಿನಲ್ಲಿ ತಿಂಗಳುಗಟ್ಟಲೆ ಸಮುದ್ರದ ಪಾಲು. ಬಾಯಿ ತುರಿಕೆಗೆ ಮನೆಯಲ್ಲೊಬ್ಬಳು ದಿಯೊಪ್ ಬೇಕಿತ್ತು, ನಾನು ಸಿಕ್ಕಿದೆ.

ಮಗಳು ನಫಿ ಪರವಾಗಿಲ್ಲ. ಔಷಧಿ ಅಂಗಡಿಯಲ್ಲಿ ಕೆಲಸ, ಬಸುರಿ, ಮಾತು ಕಮ್ಮಿ. ಇವತ್ತು ಅವಳ ಕೈಯಲ್ಲೇ ಕೆಂಪು ಬಟ್ಟೆಯ ತುಂಡೊಂದನ್ನು ತರಿಸಿದೆ. ನನ್ನ ಬಾಗಿಲ ಮೊಳೆಯಲ್ಲಿ ಅದು ನೇತಾಡುತ್ತಿದ್ದರೆ ಯಾರೂ ಕೂಗಬಾರದು, ಮೆಟ್ಟಿಲು ಹತ್ತಬಾರದು. ಮನೆಯೆಲ್ಲ ಒಪ್ಪಿತು. ಮುದುಕಿ ಬಟ್ಟೆಯನ್ನು ಬೆರಳಲ್ಲಿ ತಿಕ್ಕಿ ನೋಡಿ, "ಒಳ್ಳೇ ಹತ್ತಿ. ಸುಮ್ನೆ ಬಾಗಿಲಿಗೆ ಹಾಳು ಮಾಡ್ತೀಯಲ್ಲೇ," ಅಂದಳು.

ಜನವರಿ ಹತ್ತಕ್ಕೆ ಪ್ರಾಯಾಗೆ ಟಿಕೆಟ್ ತೆಗೆದೆ. ದ್ವೀಪ, ಗುಡ್ಡದ ಮೇಲೆ ಒಂಟಿ ಕೋಣೆ. ಇಲ್ಲಿ ಗಾಳಿ ಬಿಟ್ಟರೆ ಬೇರೇನೂ ಕೇಳಿಸುವುದಿಲ್ಲ ಎಂದು ಕೋಣೆಯವಳು ಬರೆದಿದ್ದಾಳೆ. ಓದಿ ಬಾಯಲ್ಲಿ ನೀರೂರಿತು.

ಅಕ್ಟೋಬರ್ 17

ಸೊಲಾಂಜ್ ಒಂದು ಅಧ್ಯಾಯ ತಿರುಗಿ ಕಳಿಸಿದ್ದಾಳೆ. ಮಾಂಟ್ರಿಯಲ್‌ನಲ್ಲಿ ಕೂತು ನನ್ನ ಓದಿನಲ್ಲಿ ಕಲ್ಲು ಆರಿಸುವುದು ಅವಳ ಕೆಲಸ. "ನಡುವೆ ಹೆಂಗಸೊಬ್ಬಳ ದನಿ ಇದೆ, ತಿಳಿಯದ ಭಾಷೆ, ದಯವಿಟ್ಟು ಮತ್ತೆ ಓದಿ." ನನ್ನ ಕಿವಿಗೂ ತಪ್ಪಿಸಿಕೊಂಡು ಹೋಗಿದ್ದಾಳೆ ಮುದುಕಿ. ಮತ್ತೆ ಓದಿದೆ. ಕೆಂಪು ಬಟ್ಟೆ ಹಾಕಿಯೇ ಓದಿದ್ದು. ಆದರೂ ಮೆಟ್ಟಿಲ ಕೆಳಗೆ ನಿಂತು, "ಬಟ್ಟೆ ಇದೆ ಅಂತ ಗೊತ್ತು ಕಣೇ, ಊಟಕ್ಕೆ ಬರ್ತೀಯೋ ಇಲ್ವೋ ಅಷ್ಟು ಹೇಳು," ಅಂತ ಕೂಗಿದಳು.

ಒಂದು ಸಮಾಧಾನ. ವಾರದಿಂದ ಅವಳ ಗಂಟಲು ಕಟ್ಟಿದೆ. ಕೂಗು ಮೊದಲಿನ ಅರ್ಧಕ್ಕಿಳಿದಿದೆ. ತೊಳೆಯುವ ಕೆಲಸ ಹಗುರವಾಯಿತು.

ಅಕ್ಟೋಬರ್ 30

ತಲೆ ಚಿಟ್ಟು ಹಿಡಿದು ಲ್ಯಾಪ್‌ಟಾಪ್ ಎತ್ತಿಕೊಂಡು ಅಲ್ಮಾದಿಯ ಬಾಡಿಗೆ ಕಚೇರಿಗೆ ಹೋದೆ. ತಂಪು ಗಾಳಿ, ಸಾಲು ಮೇಜು, ಪ್ರತಿ ಮೇಜಿಗೊಬ್ಬರು ಲ್ಯಾಪ್‌ಟಾಪ್ ಹೊತ್ತು ಊರೂರು ಅಲೆಯುವ ನನ್ನಂಥವರು. ಅಂಗೋಲಾದ ಎದುವಾರ್ದು ಕಾಫಿ ತಂದು ಪಕ್ಕದಲ್ಲಿ ಕೂತ. ಒಂದು ಕಾಲದಲ್ಲಿ ಕಿಗಾಲಿಯ ಇಂಥದೇ ಕಚೇರಿಯಲ್ಲಿ ಅಕ್ಕಪಕ್ಕ ಕೂತವರು ನಾವು.

"ಮುಂದೆ ಯಾವೂರು?" ಅಂದ.

"ಪ್ರಾಯಾ."

"ನಾನು ವಿಂಡ್‌ಹುಕ್. ಈ ಊರಿಗೆ ಬಂದು ಎಷ್ಟು ವರ್ಷ ಆಯ್ತು ನಿಂಗೆ?"

"ನಾಲ್ಕು."

"ನಾಲ್ಕು ವರ್ಷ ಇದ್ರೆ ಅದನ್ನ ಊರು ಅಂತಾರೆ ಕಣೇ, ಹುಷಾರು," ಅಂತ ನಕ್ಕ.

ನಾನೂ ನಕ್ಕೆ. ನಮ್ಮ ಮಾತೆಲ್ಲ ಯಾವಾಗಲೂ ಇಷ್ಟೇ: ಬಂದೆಯಾ, ಹೊರಟೆಯಾ, ಇಂಟರ್ನೆಟ್ ಹೇಗಿದೆ.

ಮನೆಗೆ ಬಂದಾಗ ಊಟದ ಹೊತ್ತು ಯಾವಾಗಲೋ ಮುಗಿದಿತ್ತು. ನನ್ನ ಬಾಗಿಲ ಮುಂದೆ ಮುಚ್ಚಿಟ್ಟ ಬೋಗುಣಿ. ಮೀನಿನ ಬೆನ್ನಿನ ತುಂಡು, ಒಂದು ಹೋಳು ಕುಂಬಳ, ತಳ ಹಿಡಿದ ಗರಿ ಅನ್ನ. ಇಲ್ಲಿ ಎಲ್ಲರೂ ಒಂದೇ ದೊಡ್ಡ ಬೋಗುಣಿಯ ಸುತ್ತ ಕೂತು ಉಣ್ಣುವುದು. ಇಲ್ಲದವರ ಪಾಲನ್ನು ಮೊದಲೇ ತೆಗೆದಿಟ್ಟು ಆಮೇಲೆ ಕೈ ಹಾಕುತ್ತಾರೆ. ಗರಿ ಅನ್ನ ನನಗೆ ಇಷ್ಟ ಎಂದು ನಾನು ಯಾರಿಗೂ ಹೇಳಿದ ನೆನಪಿಲ್ಲ.

ನವೆಂಬರ್ 6

ಕಟ್ಟಿದ ಗಂಟಲು ಬರೀ ನೆಗಡಿಯಲ್ಲ. ನಫಿ ಅಮ್ಮನನ್ನು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಳು. ದನಿಪೆಟ್ಟಿಗೆಯಲ್ಲಿ ಗಡ್ಡೆ, ಕೆಟ್ಟ ಜಾತಿಯದು. ಜೀವ ಉಳಿಯಬೇಕಾದರೆ ದನಿಪೆಟ್ಟಿಗೆಯನ್ನೇ ತೆಗೆಯಬೇಕು. ಆಮೇಲೆ ಕತ್ತಿನಲ್ಲಿ ಮಾಡಿದ ತೂತಿನಿಂದ ಉಸಿರಾಟ. ಮಾತು ಇಲ್ಲ, ಯಾವತ್ತಿಗೂ. ಡಿಸೆಂಬರ್ ಎರಡಕ್ಕೆ ದಿನ ಕೊಟ್ಟಿದ್ದಾರೆ.

ನಫಿ ಇದನ್ನೆಲ್ಲ ಮೆಟ್ಟಿಲ ಮೇಲೆ ಕೂತು ಔಷಧಿ ಚೀಟಿ ಓದಿದ ಹಾಗೆ ಹೇಳಿದಳು. ಕಣ್ಣಲ್ಲಿ ನೀರಿರಲಿಲ್ಲ. ನಾನು ಅವಳ ಬೆನ್ನ ಮೇಲೆ ಕೈಯಿಟ್ಟೆ.

ಕೆಳಗೆ ಮುದುಕಿ ಲಾಯ್‌ಗೆ ಅದೇ ಸುದ್ದಿ ಹೇಳುತ್ತಿದ್ದಳು, ತನ್ನದೇ ರೀತಿಯಲ್ಲಿ. "ನೀನು ಆ ಕಬ್ಬಿಣ ಕೊಯ್ದು ಕೊಯ್ದು ನನ್ ಗಂಟಲು ಕೊಯ್ಯೋರಿಗೆ ಪಾಠ ಹೇಳ್ಕೊಟ್ಟೆ ನೋಡು." ಲಾಯ್ ನಗಲೂ ಆಗದೆ ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದ.

ನವೆಂಬರ್ 9

ನಫಿ ಒಂದು ಸಹಾಯ ಕೇಳಿದಳು.

"ಅಮ್ಮ ಒಂದು ಜೋಗುಳ ಹಾಡ್ತಾಳೆ. ಅವಳೇ ಕಟ್ಟಿದ್ದು, ಬೇರೆ ಯಾರಿಗೂ ಬರಲ್ಲ. ನನ್ನ, ಅಣ್ಣಂದಿರನ್ನ ಅದರಲ್ಲೇ ಮಲಗಿಸಿದ್ದು. ಈ ಮಗು ಹುಟ್ಟೋವಾಗ ಅವಳ ಹತ್ರ ದನಿ ಇರಲ್ಲ ಪೆಲಾಜಿ. ಅದೊಂದನ್ನ ಹಿಡಿದು ಇಟ್ಕೋಬೇಕು. ಇವತ್ತೇ ನನ್ ಫೋನಲ್ಲಿ ಹಿಡಿಯೋಣ ಅಂತಿದೀನಿ."

ಮುದುಕಿ ಫೋನ್ ಮುಟ್ಟುವವಳಲ್ಲ. ಈ ಗಂಟಲಿರುವಾಗ ಫೋನ್ ಯಾಕೆ ಅನ್ನುವವಳು. ಹಾಗಾಗಿ ಮನೆಯಲ್ಲಿ ಯಾರ ಬಳಿಯೂ ಅವಳ ದನಿ ಒಂದು ತುಣುಕೂ ಇಲ್ಲವಂತೆ.

"ಫೋನಲ್ಲಿ ಬೇಡ ನಫಿ," ಅಂದೆ. "ತಗಡು ಬಡಿದ ಹಾಗೆ ಕೇಳ್ಸುತ್ತೆ. ನನ್ ಮೈಕ್ ಇದೆ, ನಾನಿದೀನಿ. ಮಗು ದೊಡ್ಡದಾದ ಮೇಲೂ ಪಕ್ಕದಲ್ಲೇ ಕೂತು ಹಾಡ್ತಿದಾಳೆ ಅನ್ನಿಸ್ಬೇಕು, ಹಾಗೆ ಹಿಡಿದು ಕೊಡ್ತೀನಿ."

ನಫಿ ಫೋನನ್ನು ಜೇಬಿಗೆ ಹಾಕಿಕೊಂಡು ನನ್ನ ಕೈ ಒತ್ತಿದಳು. ಈ ಮನೆಗೆ ನಾನು ಮಾಡಬಹುದಾದ ಕೆಲಸ ಅಂತ ಒಂದಾದರೂ ಇದೆಯಲ್ಲ ಎಂದು ಖುಷಿಯಾಯಿತು.

ನವೆಂಬರ್ 13

ಮೊದಲ ಪ್ರಯತ್ನ. ಮುದುಕಿ ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಏದುಸಿರು. ಕಂಬಳಿ ಗೂಡು ನೋಡಿ, "ಇದೇನೇ, ಹೆಣ ಸುತ್ತೋ ಜಾಗನಾ?" ಅಂದಳು. ಒಳಗೆ ಕೂರಿಸಿ, ಮೈಕ್ ಎಷ್ಟು ದೂರ ಇರಬೇಕು ಅಂತ ಹೇಳಿದೆ. ದನಿ ಒಡೆದಿದೆ, ಆದರೂ ಒಳಗಿನ ದಪ್ಪ ಹಾಗೇ ಇದೆ.

ದೋಣಿ ಬಂತು ದೋಣಿ ಬಂತು, ನಿದ್ದೆ ಹೇರಿ ಬಂತು,
ಹಿಂದಿನ ದೋಣಿ ಅಕ್ಕಿ ದೋಣಿ, ದಂಡೆಯಲ್ಲಿ ನಿಂತು...

ಟಗರು ಒದರಿತು. "ನಿಲ್ಸಿ, ಮತ್ತೆ ಮೊದಲಿಂದ," ಅಂದೆ. ಮತ್ತೆ ಹಾಡಿದಳು. ಅದೇ ಜಾಗಕ್ಕೆ ಬರುವಾಗ ಲಾಯ್‌ನ ಯಂತ್ರ. ಮತ್ತೆ ಮೊದಲಿಂದ. ಆಮೇಲೆ ಕೆಮ್ಮು. ಟಗರಿನ ವಂಶವನ್ನೆಲ್ಲ ಬೈದಳು, ಲಾಯ್‌ನನ್ನು ಬೈದಳು, ಕೊನೆಗೆ ನನ್ನನ್ನು. "ಅನ್ನ ತಿನ್ನೋವಾಗ ಮಾತ್ರ ನಿಂಗೆ ಯಾವ ಸದ್ದೂ ಅಡ್ಡ ಬರಲ್ಲ ಅಲ್ವೇನೇ ದಿಯೊಪ್?"

ಇಳಿದು ಹೋದ ಮೇಲೆ ಕೇಳಿಸಿಕೊಂಡೆ. ತುಂಬ ಕೊಳಕು. ಹಾಡಿಗಿಂತ ಬೈಗುಳವೇ ಜಾಸ್ತಿ. ಅಳಿಸಿದೆ.

ನವೆಂಬರ್ 19

ಲಾಯ್ ಈ ಸಲ ತಾನಾಗಿಯೇ ಅಂಗಡಿ ಮುಚ್ಚಿದ. ನಫಿ ಟಗರನ್ನು ಕೆಳಗಿಳಿಸಿ ಹುಲ್ಲು ಹಾಕಿ ನಿಂತಳು, ಆ ಹೊಟ್ಟೆ ಹೊತ್ತುಕೊಂಡು. ಮುದುಕಿಯನ್ನು ಈಗ ನಾನೂ ಬೀದಿಯವರ ಹಾಗೆ ಯಾಯ್ ಪೆಂದಾ ಅನ್ನುತ್ತೇನೆ, ಯಾಯ್ ಅಂದರೆ ಅಮ್ಮ. ಅವರು ಗೂಡಿನಲ್ಲಿ ಕೂತು ಶುರು ಮಾಡಿದರು. ಅಕ್ಕಿ ದೋಣಿಯವರೆಗೆ ಚೆನ್ನಾಗಿ ಬಂತು. ದಂಡೆಯಲ್ಲಿ ನಿಂತು ಅನ್ನುವಷ್ಟರಲ್ಲಿ ಮಸೀದಿಯ ಧ್ವನಿವರ್ಧಕ. ಹೊತ್ತು ನೋಡಿಕೊಳ್ಳಬೇಕಿತ್ತು, ಮರೆತೆ. ಕೈ ಎತ್ತಿ ನಿಲ್ಲಿಸಿದೆ.

"ಹೋಗ್ಲಿ ಬಿಡೇ, ಮುಗಿಸಿಬಿಡ್ತೀನಿ."

"ಇಲ್ಲ ಯಾಯ್, ಹಿಂದೆ ಬಾಂಗ್ ಕೇಳ್ಸುತ್ತೆ. ಒಂದು ಸಲ ಆದ್ರೂ ಸರಿಯಾಗಿ ಆಗ್ಲಿ."

"ಮಗು ಎಲ್ಲಿ ಹುಟ್ತಾ ಇದೆ? ಈ ಬೀದೀಲಿ ತಾನೆ? ಅದಕ್ಕೆ ಬಾಂಗೂ ಕೇಳ್ಸುತ್ತೆ, ಟಗರೂ ಕೇಳ್ಸುತ್ತೆ. ನಿನ್ನ ಪೆಟ್ಟಿಗೇಲಿ ಮಾತ್ರ ಏನೂ ಕೇಳಿಸ್ಬಾರ್ದಾ?"

ಬಾಂಗ್ ಮುಗಿಯುವಷ್ಟರಲ್ಲಿ ಅವರ ದನಿ ಕೈಕೊಟ್ಟಿತು. ಬರೀ ಗಾಳಿ ಬಂತು. ಎರಡು ದಿನ ಮಾತಾಡದೆ ಗಂಟಲಿಗೆ ಬಿಡುವು ಕೊಡಿ, ಆಮೇಲೆ ಮಾಡೋಣ ಅಂದೆ. "ನಾನು? ಎರಡು ದಿನ?" ಎಂದು ಎದೆ ಮುಟ್ಟಿಕೊಂಡು ತೋರಿಸಿದರು.

ಇನ್ನೂ ಹತ್ತು ದಿನಕ್ಕಿಂತ ಹೆಚ್ಚಿದೆ. ಒಂದು ಒಳ್ಳೆಯ ಮಧ್ಯಾಹ್ನ ಸಿಕ್ಕರೆ ಸಾಕು.

ನವೆಂಬರ್ 21

ಸೊಲಾಂಜ್ ಅವಸರ ಮಾಡುತ್ತಿದ್ದಾಳೆ. ಕೊಲೆಗಾರ ಇನ್ನೂ ಸಿಕ್ಕಿಲ್ಲ. ದಿನವಿಡೀ ಬಾಗಿಲಿಗೆ ಕೆಂಪು ಬಟ್ಟೆ.

ನವೆಂಬರ್ 23

ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆದಿಡುತ್ತೇನೆ.

ಬೆಳಿಗ್ಗೆ ಕೊನೆಯ ಅಧ್ಯಾಯಗಳಿಗೆ ಕೂತಿದ್ದೆ. ಹೆಡ್‌ಫೋನ್ ಹಾಕಿ, ಗೂಡು ಮುಚ್ಚಿ, ಬಟ್ಟೆ ನೇತುಹಾಕಿ. ಅಪರೂಪಕ್ಕೆ ಒಳ್ಳೆಯ ಮೌನ ಸಿಕ್ಕಿತು, ಒಂದೂ ತೊಡಕಿಲ್ಲದೆ ಓದಿದೆ. ಊಟದ ಹೊತ್ತಿಗೆ ಯಾರೂ ಕರೆಯಲಿಲ್ಲವಲ್ಲ ಎಂದು ಕೆಳಗಿಳಿದರೆ ಮನೆ ಖಾಲಿ. ಅಂಗಳದಲ್ಲಿ ಲಾಯ್ ಒಬ್ಬನೇ ಕೂತಿದ್ದ.

"ಆಸ್ಪತ್ರೆಯಿಂದ ಫೋನ್ ಬಂತು. ಯಾರೋ ರೋಗಿ ಬರಲಿಲ್ವಂತೆ, ಜಾಗ ಖಾಲಿ ಆಯ್ತಂತೆ, ಈಗ್ಲೇ ಬನ್ನಿ, ನಾಳೆ ಬೆಳಿಗ್ಗೇನೇ ಮಾಡ್ತೀವಿ ಅಂದ್ರಂತೆ. ನಾನೇ ಟ್ಯಾಕ್ಸಿ ಹತ್ತಿಸ್ದೆ."

ಓಡಿದೆ. ಆಸ್ಪತ್ರೆಯ ಬಾಗಿಲಲ್ಲಿ ಒಳಗೆ ಬಿಡಲಿಲ್ಲ. ನಫಿ ಹೊರಗೆ ಬಂದಳು.

"ಯಾಕೆ ಕರೀಲಿಲ್ಲ ನನ್ನ?" ಅಂದೆ.

"ಫೋನ್ ಮಾಡ್ದೆ, ನೀನು ಎತ್ತಲಿಲ್ಲ. ಅಮ್ಮ ತಾನೇ ಮೇಲೆ ಬಂದ್ಲು. ಟ್ಯಾಕ್ಸಿ ನಿಂತಿತ್ತು, ಹಾಡು ಮುಗಿಸಿ ಹೋಗ್ತೀನಿ ಅಂದ್ಲು. ವಾಪಸ್ ಇಳಿದು ಬಂದು, ಬಟ್ಟೆ ಇದೆ, ಓದ್ತಿದಾಳೆ, ಪಾಪ ಕೆಡಿಸೋದು ಬೇಡ ಅಂದ್ಲು."

ಜೂನ್‌ನಿಂದ ಆ ಹೆಂಗಸು ನನ್ನ ಒಂದು ಮಾತನ್ನೂ ಕಿವಿಗೆ ಹಾಕಿಕೊಂಡಿರಲಿಲ್ಲ. ಬಟ್ಟೆಯ ಎದುರೇ ನಿಂತು ಕೂಗಿದವರು. ಇವತ್ತು ಮಾತ್ರ ಸುಮ್ಮನೆ ನಿಂತು, ಸುಮ್ಮನೆ ಇಳಿದಿದ್ದಾರೆ.

ನಫಿ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ತಾಳಿಕೊಳ್ಳಬಹುದಿತ್ತು.

ನವೆಂಬರ್ 24

ಆಯಿತು. ಜೀವಕ್ಕೆ ಭಯವಿಲ್ಲವಂತೆ.

ಡಿಸೆಂಬರ್ 3

ಇವತ್ತು ನೋಡಲು ಬಿಟ್ಟರು. ಕತ್ತಿನಲ್ಲಿ ಕೊಳವೆ, ಮೂಗಿನಲ್ಲಿ ಕೊಳವೆ. ನನ್ನನ್ನು ಕಂಡ ತಕ್ಷಣ ಬಾಯಿ ತೆರೆದರು. ಅಭ್ಯಾಸ. ತುಟಿ ದಿಯೊಪ್ ಅಂದಿತು, ದನಿ ಬರಲಿಲ್ಲ. ಅವರಿಗೇ ಅದು ಅನಿರೀಕ್ಷಿತವಾಗಿತ್ತು ಅನ್ನಿಸುತ್ತದೆ. ಕಣ್ಣು ಅಗಲವಾಯಿತು, ಆಮೇಲೆ ಗೋಡೆಯ ಕಡೆ ತಿರುಗಿಕೊಂಡರು.

ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತೆ. ಚಪ್ಪಲಿ ಮಾರುವವಳೊಬ್ಬಳು ಪಕ್ಕದಲ್ಲಿ ಕೂತು, ಯಾರು ನಿಮಗೆ ಅಂತ ಕೇಳಿದಳು. ಮನೆಯೊಡತಿ ಅನ್ನಬೇಕಿತ್ತು. ನಮ್ಮ ಯಾಯ್ ಅಂದೆ.

ಡಿಸೆಂಬರ್ 7

ಎಲ್ಲ ಹುಡುಕಿದೆ. ಲ್ಯಾಪ್‌ಟಾಪಿನ ಕಸದ ಬುಟ್ಟಿ, ಹಳೆಯ ಡಿಸ್ಕುಗಳು, ಫೋನು. ಜೂನ್‌ನಿಂದ ಇಲ್ಲಿಯವರೆಗೆ ದಿನಕ್ಕೆಷ್ಟು ಸಲ ಈ ಮೈಕಿನೊಳಗೆ ಬಂದಿದ್ದರೋ ಅವರು. ಒಂದೊಂದನ್ನೂ ಗುರುತಿಸಿ, ಗೆರೆ ಎಳೆದು, ಕತ್ತರಿಸಿ ಎಸೆದಿದ್ದೇನೆ. ನವೆಂಬರ್ ಹದಿಮೂರರ ಬೈಗುಳಗಳೂ, ಹತ್ತೊಂಬತ್ತರ ಅರ್ಧ ಹಾಡೂ ಹೋಗಿವೆ. ಕೈ ಕೆಲಸದಲ್ಲಿ ಅಚ್ಚುಕಟ್ಟು ಎಂದು ನನಗೆ ನನ್ನ ಮೇಲೇ ಹೆಮ್ಮೆಯಿತ್ತು.

ಸೊಲಾಂಜ್‌ಗೆ ಬರೆದಿದ್ದೇನೆ. ಅಕ್ಟೋಬರ್‌ನಲ್ಲಿ ತಿರುಗಿ ಕಳಿಸಿದ ಆ ಅಧ್ಯಾಯ ಅವಳ ಬಳಿ ಉಳಿದಿದೆಯೇ ಎಂದು.

ಡಿಸೆಂಬರ್ 12

ಉಳಿದಿತ್ತು. ಕಳಿಸಿದ್ದಾಳೆ. ಯಾಕೆ ಅಂತ ಕೇಳಲಿಲ್ಲ, ಒಳ್ಳೆಯವಳು.

ಇನ್ಸ್‌ಪೆಕ್ಟರ್ ಕಿಟಕಿ ತೆರೆಯುತ್ತಾನೆ. "ಹೊರಗೆ ಹಿಮ ಬಿಟ್ಟರೆ ಏನೂ ಇರಲಿಲ್ಲ," ಎಂದು ನಾನು ಓದುತ್ತಿದ್ದೇನೆ. ಅದರ ಕೆಳಗೆ, ದೂರದಲ್ಲಿ, ಯಾಯ್: "ಅನ್ನ ಆರ್ತಾ ಇದೆ ಕಣೇ, ದಿಯೊಪ್."

ಅಷ್ಟೇ. ಇಡೀ ಜಗತ್ತಿನಲ್ಲಿ ಉಳಿದಿರುವ ಅವರ ದನಿ ಅಷ್ಟು, ಅದರ ಮೇಲೆ ನಾನು ಕೂತಿದ್ದೇನೆ. ಇಡೀ ದಿನ ನನ್ನನ್ನು ತೆಗೆಯಲು ನೋಡಿದೆ. ಅವರನ್ನು ತೆಗೆದು ನನ್ನನ್ನು ಉಳಿಸುವುದು ನಿದ್ದೆಯಲ್ಲೂ ಬರುತ್ತಿತ್ತು. ನನ್ನನ್ನು ತೆಗೆದರೆ ಅವರೂ ಅರ್ಧ ಹೋಗುತ್ತಾರೆ. ಉಳಿದದ್ದು ಬಾವಿಯ ತಳದಿಂದ ಬಂದ ಹಾಗೆ ಕೇಳಿಸುತ್ತದೆ. ಕೊನೆಗೆ ಹಿಮದ ಸಮೇತವೇ ನಫಿಗೆ ಕೊಟ್ಟೆ.

ಅವಳು ಕಿವಿಗೆ ಹಿಡಿದು ಕೇಳಿದಳು, ಮತ್ತೆ ಕೇಳಿದಳು. "ಅನ್ನ ಅಂದಿದ್ದು ಚೆನ್ನಾಗಿ ಕೇಳ್ಸುತ್ತೆ," ಅಂದಳು. ನನ್ನನ್ನು ಸಮಾಧಾನ ಮಾಡುತ್ತಿದ್ದಾಳೆ, ತುಂಬು ಬಸುರಿ, ಅಮ್ಮ ಆಸ್ಪತ್ರೆಯಲ್ಲಿ.

ಡಿಸೆಂಬರ್ 20

ಯಾಯ್ ಮನೆಗೆ ಬಂದರು. ಇಳಿದುಹೋಗಿದ್ದಾರೆ. ಬೀದಿಯವರೆಲ್ಲ ಸಾಲಾಗಿ ಬಂದು ಕೈ ಹಿಡಿದು ಹೋದರು. ಕೆಲವರು ಅವರಿಗೆ ಕಿವಿಯೂ ಕೇಳಿಸುವುದಿಲ್ಲವೇನೋ ಅನ್ನುವ ಹಾಗೆ ಕೂಗಿ ಮಾತಾಡಿದರು.

ಎಲ್ಲರೂ ಹೋದ ಮೇಲೆ ಯಾಯ್ ಎದ್ದು ಮೆಟ್ಟಿಲು ಹತ್ತತೊಡಗಿದರು. ನಫಿ ಬೇಡ ಬೇಡ ಎನ್ನುತ್ತ ಹಿಂದೆ. ನನ್ನ ಬಾಗಿಲಿಗೆ ಬಂದು ಮೊಳೆಯಿಂದ ಕೆಂಪು ಬಟ್ಟೆ ಬಿಚ್ಚಿದರು. ಕೊಡವಿ, ಮಡಚಿ, ಕತ್ತಿನ ತೂತು ಮುಚ್ಚುವ ಹಾಗೆ ಕಟ್ಟಿಕೊಂಡರು. ಆಮೇಲೆ ನನ್ನ ಬಾಗಿಲನ್ನು ತೋರಿಸಿ, ತಮ್ಮ ಬಾಯನ್ನು ತೋರಿಸಿ, ಕೈ ಅಲ್ಲಾಡಿಸಿದರು.

ನಾನು ನಫಿಯ ಮುಖ ನೋಡಿದೆ.

"ಇನ್ಮೇಲೆ ನಿನ್ನ ಬಾಗಿಲಿಗೆ ಇದು ಬೇಕಾಗಲ್ಲ ಅಂತಿದಾಳೆ," ಅಂದಳು ನಫಿ. "ಕೂಗೋರು ಯಾರೂ ಇಲ್ವಲ್ಲ ಅಂತ."

ಯಾಯ್ ನನ್ನನ್ನೇ ನೋಡುತ್ತಿದ್ದರು, ಒಂದು ಹುಬ್ಬು ಏರಿಸಿ. ಅದು ಕುಚೋದ್ಯದ ಹುಬ್ಬು, ಆರು ತಿಂಗಳಿಂದ ನನಗೆ ಗೊತ್ತು. ದಿಯೊಪ್ ತಿರುಗಿಸಿ ಕೊಡಬೇಕು, ಅದು ವಾಡಿಕೆ. ನಾನು ಮಾತ್ರ ಅವರ ಕಾಲ ಬುಡದಲ್ಲಿ ಕೂತುಬಿಟ್ಟೆ. ಅವರು ನನ್ನ ತಲೆ ಮೇಲೊಂದು ಮೊಟಕಿದರು.

ಡಿಸೆಂಬರ್ 28

ಹೊಸ ಪುಸ್ತಕ ಶುರುವಾಗಿದೆ. ಸೊಲಾಂಜ್ ಬರೆದಿದ್ದಾಳೆ: "ಇಷ್ಟು ಶುದ್ಧವಾದ ಧ್ವನಿಮುದ್ರಣ ನಿಮ್ಮಿಂದ ಈವರೆಗೆ ಬಂದಿರಲಿಲ್ಲ. ಯಾರೂ ವಾಸವಿಲ್ಲದ ಕಡೆ ಕೂತು ಓದಿದ ಹಾಗಿದೆ."

ಲ್ಯಾಪ್‌ಟಾಪ್ ಮುಚ್ಚಿದೆ.

ಮಧ್ಯಾಹ್ನ ಊಟದ ಹೊತ್ತನ್ನು ಈಗ ನಾನೇ ನೋಡಿಕೊಂಡು ಇಳಿಯುತ್ತೇನೆ. ಯಾಯ್ ಮೆದು ಗಂಜಿ ಕುಡಿಯುತ್ತಾರೆ, ಆದರೆ ಬೋಗುಣಿಯ ಬಳಿ ತಮ್ಮ ಜಾಗದಲ್ಲೇ ಕೂತು ಎಲ್ಲರಿಗೂ ಮೀನು ಮುರಿದು ಮುಂದೆ ಹಾಕುತ್ತಾರೆ. ಯಾರೂ ಮಾತಾಡುವುದಿಲ್ಲ. ಈ ಮನೆಯಲ್ಲಿ ಎಲ್ಲರಿಗೂ ಆಗುವಷ್ಟು ಮಾತನ್ನು ಒಬ್ಬರೇ ಆಡುತ್ತಿದ್ದರು, ಉಳಿದವರು ಕಲಿತೇ ಇಲ್ಲ. ಚಮಚದ ಸದ್ದು, ಟಗರಿನ ಸದ್ದು. ಲಾಯ್ ಕೂಡ ಕಡಿಮೆ ಕೊಯ್ಯುತ್ತಾನೆ ಅನ್ನಿಸುತ್ತದೆ. ಜಾಸ್ತಿ ಕೊಯ್ಯಪ್ಪಾ ಅಂತ ಹೇಳಬೇಕು.

ಜನವರಿ 4

ನಫಿಗೆ ಹೆಣ್ಣು ಮಗು. ಇಬ್ಬರೂ ಚೆನ್ನಾಗಿದ್ದಾರೆ. ನಾನು ಯಾಯ್ ಜೊತೆ ಮನೆಯಲ್ಲಿದ್ದೆ. ಫೋನಿನಲ್ಲಿ ಮಗು ಅಳುವುದನ್ನು ಅವರ ಕಿವಿಗೆ ಹಿಡಿದೆ. ಕೇಳಿಸಿಕೊಂಡರು. ಆಮೇಲೆ ಹೊಟ್ಟೆ ತೋರಿಸಿ, ಕೈಯಲ್ಲಿ ಅನ್ನ ತಿನ್ನುವ ಹಾಗೆ ಮಾಡಿದರು.

"ಹೌದು ಯಾಯ್," ಅಂದೆ, "ಇನ್ನೊಬ್ಬಳು ದಿಯೊಪ್ ಬಂದ್ಲು. ನಿಮ್ಮ ಅಕ್ಕಿ ಮೂಟೆಗೆ ಉಳಿಗಾಲ ಇಲ್ಲ."

ತಿರುಗಿಸಿ ಕೊಟ್ಟದ್ದಲ್ಲ ಅದು, ಅವರ ಮಾತನ್ನೇ ನಾನು ಆಡಿದೆ. ಸಾಲದು ಅನ್ನುವ ಹಾಗೆ ತುಟಿ ಓರೆ ಮಾಡಿದರು.

ಜನವರಿ 11

ಪ್ರಾಯಾದ ವಿಮಾನ ನಿನ್ನೆ ನನ್ನನ್ನು ಬಿಟ್ಟೇ ಹೋಯಿತು. ಇವತ್ತು ನಾಮಕರಣ. ಬೆಳಗಿನಿಂದ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಕ್ಟೋಬರ್‌ನಿಂದ ನನ್ನ ಓದು ಕೆಡಿಸುತ್ತಿದ್ದ ಟಗರು ಇವತ್ತಿಗೆಂದೇ ಬೆಳೆದದ್ದಂತೆ, ಅದೂ ಹೋಯಿತು. ಮಗುವಿಗೆ ಅಜ್ಜಿಯ ಹೆಸರನ್ನೇ ಇಟ್ಟರು, ಪೆಂದಾ. ಇಮಾಮರು ಅದರ ಕಿವಿಯಲ್ಲಿ ಹೇಳುವಾಗ ಯಾಯ್ ಕೆಂಪು ಬಟ್ಟೆಯ ಅಂಚಿನಿಂದ ಕಣ್ಣೊರೆಸಿಕೊಂಡರು.

ಊಟ ಮುಗಿದು ನೆಂಟರು ಕರಗಿದ ಮೇಲೆ ಮಗು ಅಳತೊಡಗಿತು. ನಫಿ ಎತ್ತಿ ತೂಗಿದಳು, ನಿಲ್ಲಲಿಲ್ಲ. ಯಾಯ್ ಕೈ ಚಾಚಿ ಮಗುವನ್ನು ತೆಗೆದುಕೊಂಡರು. ಮೊಣಕಾಲ ಮೇಲೆ ಹಾಕಿಕೊಂಡು ಬೆನ್ನು ತಟ್ಟುತ್ತ ತೂಗುತ್ತಿದ್ದರು; ತುಟಿ ಆಡುತ್ತಿತ್ತು. ಅವರು ಹಾಡುತ್ತಿದ್ದಾರೆಂದು ಎಲ್ಲರಿಗೂ ಗೊತ್ತಾಯಿತು.

ಆಮೇಲೆ ತಲೆಯೆತ್ತಿ ನನ್ನ ಕಡೆ ನೋಡಿ, ನೆಲದ ಮೇಲೆ ಬೆರಳಿನಿಂದ ತಟ್ಟಿದರು. ಇಲ್ಲಿ ಬಾ. ಹೋಗಿ ಕೂತೆ. ನನ್ನ ಗಂಟಲನ್ನು ಮುಟ್ಟಿದರು.

ಹಾಡಿದೆ. ನನ್ನದು ಓದುವ ದನಿ, ಹಾಡುವ ದನಿಯಲ್ಲ. ದೋಣಿ ಬಂತು ದೋಣಿ ಬಂತು, ನಿದ್ದೆ ಹೇರಿ ಬಂತು. ಯಾಯ್‌ನ ಕೈ ತಾಳ ಹಾಕುತ್ತಿತ್ತು. ಹಿಂದಿನ ದೋಣಿ ಅಕ್ಕಿ ದೋಣಿ, ದಂಡೆಯಲ್ಲಿ ನಿಂತು.

ಅಲ್ಲಿ ನಿಂತೆ. ಮುಂದಕ್ಕೆ ನನಗೆ ಗೊತ್ತಿಲ್ಲ. ಪ್ರತಿ ಸಲವೂ ಅಲ್ಲಿಗೇ ನಾನು ಅವರನ್ನು ನಿಲ್ಲಿಸಿದ್ದೆ.

"ನಫಿ, ಮುಂದೆ ಏನು?" ಅಂದೆ.

ನಫಿ ಅಣ್ಣಂದಿರ ಮುಖ ನೋಡಿದಳು, ಅವರು ಇವಳ ಮುಖ ನೋಡಿದರು. "ನಂಗೂ ಗೊತ್ತಿಲ್ಲ," ಅಂದಳು. "ಅಲ್ಲಿಗೆ ಬರೋ ಹೊತ್ತಿಗೆ ನಮಗೆಲ್ಲ ನಿದ್ದೆ ಬಂದಿರ್ತಿತ್ತು."

ಯಾಯ್ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದರು. ನಗುತ್ತಿದ್ದರೋ ಅಳುತ್ತಿದ್ದರೋ, ಮೈ ಕುಲುಕುತ್ತಿತ್ತು, ಕತ್ತಿನ ಬಟ್ಟೆ ಒಳಗೂ ಹೊರಗೂ ಹೋಗುತ್ತಿತ್ತು. ಓದು ಬರಹ ಬಲ್ಲವರಲ್ಲ, ಬರೆದು ತೋರಿಸುವ ಹಾಗಿಲ್ಲ. ತುಟಿ ನಿಧಾನವಾಗಿ ಆಡಿಸಿದರು. ನಾವೆಲ್ಲ ಬಗ್ಗಿ ನೋಡಿದೆವು.

"ದಿಯೊಪ್ ಬಂದು ನುಂಗಿಬಿಟ್ಟ," ಅಂದ ಲಾಯ್. ತಲೆ ಅಲ್ಲಾಡಿಸಿದರು, ಅಲ್ಲ. "ಅಜ್ಜಿ ಹೋಗಿ ಇಳಿಸಿಕೊಂಡ್ಳು." ಅಲ್ಲ. "ಗಾಳಿ ಬೀಸ್ತು." ಅಲ್ಲ. ಕೈಯಲ್ಲಿ ಏನನ್ನೋ ಉದುರಿಸುವ ಹಾಗೆ ಮಾಡಿದರು. "ಮರಳು?" ಅಲ್ಲ. "ಉಪ್ಪು?" ಅಂದೆ ನಾನು.

ಯಾಯ್ ಕಣ್ಣು ಮುಚ್ಚಿ ತಲೆಯಾಡಿಸಿದರು. ಹೌದು.

ಉಪ್ಪು. ಇವತ್ತಿಗೆ ಅಷ್ಟು ಸಿಕ್ಕಿತು. ಅಷ್ಟರಲ್ಲಿ ಮಗುವಿಗೂ ನಿದ್ದೆ ಬಂದಿತ್ತು. ಮುಂದಿನದನ್ನು ನಾಳೆ ಊಟವಾದ ಮೇಲೆ ಮತ್ತೆ ಕೂತು ಕೇಳಬೇಕು.